ಶಿರಾಜ್‌ಗೆ ಹೊರಟ ಫಿಲ್ಟರ್‌ಗಳು

ಕೋವಿಡ್ ನಿರ್ಬಂಧಗಳು ಮುಗಿದ ಮರುವರ್ಷ ನಾನು ಮೆಲ್ಬರ್ನ್‌ನ ಡ್ಯಾಂಡಿನಾಂಗ್‌ನಲ್ಲಿ ಸರಕು ಸಾಗಣೆ ಕಂಪನಿಯೊಂದರ ಸ್ಯಾಂಕ್ಷನ್ಸ್ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಸ್ಯಾಂಕ್ಷನ್ಸ್ ಎಂದರೆ ಒಂದು ಸರ್ಕಾರವನ್ನು ಮಣಿಸಲು ಬೇರೆ ದೇಶಗಳು ಹೇರುವ ಆರ್ಥಿಕ ದಿಗ್ಬಂಧನ. ಅದಕ್ಕೆ ಒಳಗಾದ ದೇಶಗಳಿಗೆ ಹೋಗಬಾರದ ಸರಕನ್ನು ತಡೆಯುವುದು ನನ್ನ ಕೆಲಸ. ಅದರಲ್ಲಿ ನನಗೆ ನಂಬಿಕೆಯಿತ್ತು. ಡೈರಿ ಯಂತ್ರದ ಭಾಗಗಳೆಂದು ಹೇಳಿ ಕ್ಷಿಪಣಿ ತಯಾರಿಕೆಗೆ ಒದಗುವ ಪಂಪುಗಳನ್ನು ಸಾಗಿಸಲು ಹೊರಟವರನ್ನು ಒಮ್ಮೆ ಹಿಡಿದುಕೊಟ್ಟಿದ್ದೆ. ಸೈನ್ಯ ಕಳಿಸದೆ ಒಂದು ಸರ್ಕಾರವನ್ನು ಬಗ್ಗಿಸಬಹುದಾದರೆ ಅದಕ್ಕಿಂತ ಒಳ್ಳೆಯ ಹಾದಿ ಯಾವುದು ಎಂದು ಗೆಳೆಯರೊಡನೆ ವಾದಿಸುತ್ತಿದ್ದೆ.

ಆ ಚಳಿಗಾಲ ಫರ್ಹಾದ್ ಎಂಬ ಇರಾನಿನವನು ನನ್ನನ್ನು ಹುಡುಕಿಕೊಂಡು ಬಂದ. ಇಲ್ಲಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಯಂತ್ರಗಳ ತಂತ್ರಜ್ಞ. ಇರಾನಿನ ಶಿರಾಜ್ ನಗರದಲ್ಲಿದ್ದ ಅವನ ತಾಯಿ ನಿವೃತ್ತ ಶಿಕ್ಷಕಿ. ಆಕೆಯ ಎರಡೂ ಕಿಡ್ನಿ ಕೆಟ್ಟಿದ್ದವು. ಆಕೆ ಹೋಗುತ್ತಿದ್ದ ಆಸ್ಪತ್ರೆಯಲ್ಲಿ ರಕ್ತ ಶುದ್ಧ ಮಾಡುವ ಫಿಲ್ಟರ್‌ಗಳು ತೀರುತ್ತ ಬಂದು, ಬಿಸಾಡಬೇಕಾದದ್ದನ್ನೇ ತೊಳೆದು ಬಳಸುತ್ತಿದ್ದರಂತೆ. ಮೆಲ್ಬರ್ನ್‌ನ ಇರಾನಿಗಳು ಸೇರಿ ಹೊಸ ಫಿಲ್ಟರ್‌ಗಳನ್ನು ಕೊಂಡಿದ್ದರು. ಒಯ್ಯುವವರು ಮಾತ್ರ ಸಿಕ್ಕಿರಲಿಲ್ಲ.

“ವೈದ್ಯಕೀಯ ಸಾಮಗ್ರಿಗೆ ಕಾನೂನಿನ ತಡೆಯಿಲ್ಲವಲ್ಲ,” ಎಂದೆ.

“ಎಲ್ಲರೂ ಹಾಗೇ ಹೇಳುತ್ತಾರೆ. ಹೇಳಿ, ಮುಂದಿನ ಬಾಗಿಲಿಗೆ ಕಳಿಸುತ್ತಾರೆ.”

ನಾನು ಸರಕನ್ನು ಪರೀಕ್ಷಿಸಿದೆ. ತಡೆಯಿಲ್ಲವೆಂದು ಸರ್ಕಾರಿ ಇಲಾಖೆಯಿಂದ ಬರೆಸಿಕೊಂಡೆ. ಆದರೂ ಹಡಗು ಕಂಪನಿಯ ಸಿಡ್ನಿ ಆಫೀಸು ನಾನು ಮಾಡಿದ ಬುಕಿಂಗನ್ನು ವಾಪಸ್ ಕಳಿಸಿತು. ಅಲ್ಲಿನ ಅಪಾಯ ಅಳೆಯುವ ರಿಸ್ಕ್ ವಿಭಾಗದಲ್ಲಿ ನನ್ನ ಹಳೆಯ ಪರಿಚಯದ ಮೈಸೂರಿನ ರಘು ಇದ್ದ. ಫೋನಿನಲ್ಲಿ ಅವನು ಜಾರಿಕೊಂಡಾಗ ವಿಮಾನ ಹತ್ತಿದೆ. ಸಿಡ್ನಿಯ ಪೆಂಡಲ್ ಹಿಲ್ ಬಡಾವಣೆಯ ಹೋಟೆಲೊಂದರಲ್ಲಿ ಭೇಟಿಯಾದೆವು.

“ನೋಡು ಶೈಲಾ, ಬ್ಯಾನ್ ಇಲ್ಲ ಅಂತ ನಂಗೂ ಗೊತ್ತು,” ಎಂದ ರಘು. “ಆದ್ರೆ ಆ ದೇಶದ ಹೆಸ್ರು ಕಂಡ್ರೆ ಸಾಕು, ಹೆಡ್ ಆಫೀಸ್‌ನೋರು ಹೆದರ್ಕೋತಾರೆ. ನಾಳೆ ಅಮೆರಿಕದೋರು ಏನಾದ್ರೂ ಕೇಳಿದ್ರೆ? ನನ್ ಕೆಲ್ಸ ಹೋಗತ್ತೆ. ಮನೆ ಮಾರ್ಟ್‌ಗೇಜ್ ಯಾರು ಕಟ್ತಾರೆ?”

“ನಿಲ್ಲಿಸ್ಬೇಕಾದ್ದನ್ನ ನಾನೂ ನಿಲ್ಲಿಸ್ತೀನಿ ರಘು. ಇದನ್ನ ನಿಲ್ಲಿಸ್ತಿರೋದು ಕಾನೂನಲ್ಲ, ನಿಮ್ ಭಯ. ಆಯಮ್ಮ ಹಳೇ ಫಿಲ್ಟರ್‌ನಲ್ಲಿ ಎಷ್ಟು ದಿನ ಇರ್ತಾರೆ?”

ಅವನ ಮುಂದಿದ್ದ ದೋಸೆ ಆರಿಹೋಯಿತು. ಏಳುವಾಗ, “ಮೇಲಿನೋರ ಹತ್ರ ನಾನೇ ಮಾತಾಡ್ತೀನಿ. ಪ್ರಾಮಿಸ್ ಮಾಡಲ್ಲ,” ಎಂದ.

ಮಾತಾಡಿದ. ಒಪ್ಪಿಗೆ ಪತ್ರಕ್ಕೆ ತನ್ನ ಹೆಸರಿನಲ್ಲೇ ಸಹಿ ಹಾಕಿದ. ಕೆಲಸವೂ ಉಳಿಯಿತು. ವಸಂತ ಕಳೆಯುವಷ್ಟರಲ್ಲಿ ಪೆಟ್ಟಿಗೆಗಳು ಶಿರಾಜ್‌ನ ಆಸ್ಪತ್ರೆ ಸೇರಿದವು.

ಫರ್ಹಾದ್ ನನ್ನನ್ನು ಮನೆಗೆ ಕರೆದು ತಾಯಿಗೆ ವಿಡಿಯೋ ಕಾಲ್ ಮಾಡಿದ. ಬಾತುಕೊಂಡಿದ್ದ ಮುಖ, ಕೆಣಕುವಂಥ ನಗು. ಸರ್ಕಾರದ ವಿರುದ್ಧದ ಮೆರವಣಿಗೆಗಳಲ್ಲಿ ಆಕೆ ಮುಂದಿನ ಸಾಲಿನಲ್ಲೇ ಇರುತ್ತಿದ್ದರೆಂದು ಆಗ ತಿಳಿಯಿತು. ಕೇಳದಿರಲು ಆಗಲಿಲ್ಲ: ಈ ದಿಗ್ಬಂಧನದಿಂದ ನಿಮ್ಮ ಸರ್ಕಾರ ಬಗ್ಗಿದೆಯೇ?

ಆಕೆಯ ಉತ್ತರವನ್ನು ಫರ್ಹಾದ್ ನಿಲ್ಲಿಸಿ ನಿಲ್ಲಿಸಿ ಅನುವಾದಿಸಿದ: “ಸರ್ಕಾರದ ದೊಡ್ಡವರು ಹೋಗುವ ಆಸ್ಪತ್ರೆಯಲ್ಲಿ ಏನೂ ತೀರುವುದಿಲ್ಲ. ನನ್ನ ಜೊತೆ ಮೆರವಣಿಗೆಗೆ ಬರುತ್ತಿದ್ದವರು ಈಗ ಔಷಧಿಗೆಂದು ಅಂಗಡಿಯಿಂದ ಅಂಗಡಿಗೆ ಅಲೆಯುತ್ತಾರೆ. ಸಂಜೆ ಸುಸ್ತಾಗಿ ಮಲಗುತ್ತಾರೆ.”

 ಆಕೆ ವಿಷಯ ಬದಲಿಸಿ ನನ್ನ ಮಕ್ಕಳ ಬಗ್ಗೆ ವಿಚಾರಿಸಿದರು.

ಆ ಪಂಪುಗಳಂಥವು ಮತ್ತೆ ಬಂದರೆ ಇವತ್ತೂ ತಡೆಯುತ್ತೇನೆ, ಅದರಲ್ಲಿ ಸಂಶಯವಿಲ್ಲ. ಆದರೆ ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ಒಂದು ಮಾತು ಹೇಳುತ್ತೇನೆ: ಸರಕು ತಲುಪಿದರೆ ಯಾರ ಕೈಗೆ ಹೋಗುತ್ತದೆಂದು ನೋಡಿದ ಮೇಲೆ, ತಲುಪದಿದ್ದರೆ ಯಾರು ಹಾಸಿಗೆ ಹಿಡಿಯುತ್ತಾರೆಂದೂ ನೋಡಿ. ಆ ಸರ್ಕಾರವನ್ನು ಬದಲಿಸಬಲ್ಲವರು ಅವರೇ ಆಗಿರಬಹುದು.