ಕಿಟಕಿಗೆ ಹಾರದ ಬೆಕ್ಕು

ಆ ಕ್ಷೌರಿಕನ ಬಾಯಿಗೆ ಬಿಡುವೇ ಇರಲಿಲ್ಲ. ಗಿರಾಕಿಗಳು ಅವನನ್ನು ಮಾತಿನಮಲ್ಲ ಎಂದೇ ಕರೆಯುತ್ತಿದ್ದರು. ಬೂದಿ ಎಂಬ ಅವನ ಮುದಿ ಬೆಕ್ಕು ಅಂಗಡಿಯ ಕಿಟಕಿಕಟ್ಟೆಯ ಮೇಲೆ ಯಜಮಾನಿಯ ಹಾಗೆ ಕೂತು ಬೀದಿ ನೋಡುತ್ತಿತ್ತು. ಆ ಚಳಿಗಾಲದಲ್ಲಿ ಅದು ಕಿಟಕಿಗೆ ಹಾರುವುದನ್ನು ಬಿಟ್ಟು ಕುರ್ಚಿಯಡಿ ಮುದುಡಿಕೊಳ್ಳತೊಡಗಿತು. ಮಹಾರಾಣಿಗೆ ಸೊಕ್ಕು ಬಂದಿದೆ ಎಂದು ಅವನು ತಮಾಷೆ ಮಾಡಿದ, ಗಿರಾಕಿಗಳೂ ನಕ್ಕರು. ಬೆನ್ನಿನ ಕೂದಲು ಗಂಟುಗಟ್ಟಿದೆ, ಮುಟ್ಟಿದರೆ ಗುರ್ ಅನ್ನುತ್ತದೆ, ಒಮ್ಮೆ ಯಾರಿಗಾದರೂ ತೋರಿಸೋಣ ಎಂದು ಹೆಂಡತಿ ಹೇಳುತ್ತಲೇ ಇದ್ದಳು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಒಂದು ಬೆಳಿಗ್ಗೆ, ಒಗೆದು ಮಡಿಸಿಟ್ಟಿದ್ದ ಟವೆಲ್‌ಗಳ ಮೇಲೆ ಬೂದಿ ಉಚ್ಚೆ ಹೊಯ್ದಿತು. ಅರ್ಧ ಕ್ಷೌರವಾದ ಗಿರಾಕಿ ಕಾಯುತ್ತಿದ್ದ. ಮಾತಿನಮಲ್ಲನ ತಲೆ ಕೆಟ್ಟುಹೋಗಿ, ಬೆಕ್ಕಿನ ಸೊಂಟಕ್ಕೆ ಒಂದು ಬಾರಿಸಿದ. ಅದು ಓಡಲಿಲ್ಲ. ಕೀರಲು ದನಿಯಲ್ಲಿ ಕೂಗಿ, ಹಿಂಗಾಲು ಎಳೆಯುತ್ತ ಬಾಗಿಲವರೆಗೆ ಹೋಗಿ ಕುಸಿಯಿತು. ಅವನು ಗಿರಾಕಿಯ ಉಳಿದ ಕ್ಷೌರವನ್ನು ಹೇಗೋ ಮುಗಿಸಿ, ಅಂಗಡಿ ಮುಚ್ಚಿ, ಹೆಂಡತಿಯೊಂದಿಗೆ ಬೂದಿಯನ್ನು ಆಸ್ಪತ್ರೆಗೆ ಒಯ್ದ.

ಪಶುವೈದ್ಯೆ ಕಾಲುಗಳನ್ನು ಮೆಲ್ಲಗೆ ಮಡಿಸಿ ನೋಡಿ, ಎಕ್ಸ್‌ರೇ ತೆಗೆಸಿ, ಸಂಧಿವಾತ ಎಂದರು. ಬೆಕ್ಕುಗಳು ನೋವನ್ನು ನುಂಗಿಕೊಂಡಿರುತ್ತವೆ, ಹಾರದಿರುವುದು, ಮೈ ನೆಕ್ಕಿಕೊಳ್ಳದಿರುವುದು, ಮಲಮೂತ್ರಕ್ಕೆಂದು ಇಟ್ಟ ಮರಳಿನ ತೊಟ್ಟಿಯ ಅಂಚು ದಾಟಲಾಗದೆ ಎಲ್ಲೆಂದರಲ್ಲಿ ಉಚ್ಚೆ ಹೊಯ್ಯುವುದು, ಇವನ್ನು ನೋಡಿಯೇ ನಾವು ತಿಳಿಯಬೇಕು ಎಂದು ವಿವರಿಸಿದರು.

"ಹಾರೋದು ಬಿಟ್ಟು ಎಷ್ಟು ದಿನ ಆಯ್ತು?"

ಉತ್ತರ ಹೇಳಿದವಳು ಹೆಂಡತಿ.

"ನಾನು ಹೊಡೆದುಬಿಟ್ಟೆ, ಡಾಕ್ಟರಮ್ಮ," ಎಂದ ಅವನು ತಲೆ ತಗ್ಗಿಸಿ. "ನೋವಿರೋ ಜಾಗಕ್ಕೇ ಹೊಡೆದೆ."

ಅವರು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ತನ್ನ ಮಂಡಿನೋವಿನ ಮಾತ್ರೆಯಲ್ಲೇ ಒಂದು ಚೂರು ಕೊಡಲೇ ಎಂದು ಅವನು ಕೇಳಿದಾಗ ಮಾತ್ರ ಅವರ ದನಿ ಗಡುಸಾಯಿತು.

"ಬೇಡವೇ ಬೇಡ. ಮನುಷ್ಯರ ಮಾತ್ರೆ ಬೆಕ್ಕಿನ ಜೀವ ತೆಗೆಯುತ್ತೆ. ನಾನು ಬರೆದುಕೊಟ್ಟಿದ್ದನ್ನ, ಬರೆದಷ್ಟೇ ಕೊಡಿ."

ಮಾತಿನಮಲ್ಲ ತಾನೇ ಕೂತು ಮರಳಿನ ತೊಟ್ಟಿಯ ಒಂದು ಅಂಚನ್ನು ತಗ್ಗಾಗಿ ಕತ್ತರಿಸಿದ. ಕುರ್ಚಿಯಡಿ ಬೆಚ್ಚಗೆ ಕಂಬಳಿ ಹಾಸಿದ. ಕಿಟಕಿಕಟ್ಟೆಗೆ ಹಲಗೆಯ ಮೆಟ್ಟಿಲು ಮಾಡಿ, ಕಾಲು ಜಾರದಂತೆ ಹಳೇ ಚಾಪೆ ಅಂಟಿಸಿದ. ಕೀಲುಗಳ ಮೇಲಿನ ಭಾರ ತಗ್ಗಲೆಂದು ಊಟ ಅಳೆದು ಹಾಕತೊಡಗಿದ. ಔಷಧಿ ಹಿಡಿಯಿತು, ಕೆಲವು ವಾರಗಳಲ್ಲಿ ಬೂದಿ ಒಂದೊಂದೇ ಮೆಟ್ಟಿಲು ಹತ್ತಿ ಮೇಲೆ ಕೂತಿತು. ಗಿರಾಕಿಗಳು ಮತ್ತೆ ಮಹಾರಾಣಿ ಎಂದರು. ಅವನಿಗೆ ನಗು ಬರಲಿಲ್ಲ.

ಹೆಂಡತಿ ಬಾಚಿದರೆ ಬೆಕ್ಕು ಕಣ್ಣು ಮುಚ್ಚಿ ಮೈಯೊಡ್ಡುತ್ತಿತ್ತು. ಅವನು ಹತ್ತಿರ ಹೋದರೆ ಮೈ ಸೆಟೆಸಿಕೊಳ್ಳುತ್ತಿತ್ತು. ಹೊಡೆದದ್ದೆಲ್ಲ ಅದಕ್ಕೆ ಎಲ್ಲಿ ನೆನಪಿರುತ್ತೆ, ಬಿಡಿ ಅಂದಳು ಹೆಂಡತಿ. ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಬಾಚಣಿಗೆ ಹಿಡಿದು ಅದರ ಪಕ್ಕ, ಒಂದೂ ಮಾತಾಡದೆ, ಕೂತಿರುತ್ತಿದ್ದ. ಈಗೀಗ ಬೂದಿ ಕತ್ತನ್ನು ಬಾಚಲು ಬಿಡುತ್ತದೆ. ಸೊಂಟದ ಹತ್ತಿರ ಅವನು ಕೈ ಒಯ್ಯುವುದಿಲ್ಲ.