ಬೆಳಕು ಕೇಳುವ ಬೀಜ

ಅಬ್ಬಿಗೆರೆಯಲ್ಲಿ ಸೈಟುಗಳಾಗದೆ ಉಳಿದ ಕಾಲು ಎಕರೆಯಲ್ಲಿ ದ್ರೌಪದಮ್ಮನ ಗಂಡನ ಮನೆಯವರದು ಒಂದು ಸಸಿ ನರ್ಸರಿ. ಇಪ್ಪತ್ತೆರಡು ವರ್ಷ ಅಲ್ಲಿ ಬೀಜ ಹಾಕಿದವಳು ಅವಳೇ. ಟೊಮೆಟೊ, ಕೋಸು, ಮೆಣಸಿನಕಾಯಿ, ಯಾವುದೂ ಅವಳ ಕೈಯಲ್ಲಿ ಹುಸಿ ಹೋದದ್ದಿಲ್ಲ. ಅವಳ ಗಂಡ ತೀರಿಕೊಂಡ ಮೂರು ತಿಂಗಳಿಗೆ, ಬೇಸಿಗೆ ಏರುವ ಹೊತ್ತಿಗೆ, ಮೈದುನ ಯೋಗಾನಂದ ಹೋಟೆಲಿನವರು ಕೇಳುತ್ತಾರೆಂದು ಲೆಟ್ಯೂಸ್ ಸೊಪ್ಪಿನ ಬೀಜ ತಂದ. ಜೀರಿಗೆಗಿಂತ ಸಣ್ಣದು.

"ಬೆರಳು ದಪ್ಪ ತೆಂಗಿನ ನಾರಿನ ಪುಡಿ ಮುಚ್ಚಿ ಅತ್ತಿಗೆ, ಇಲ್ದಿದ್ರೆ ಇರುವೆ ಹೊತ್ಕೊಂಡು ಹೋಗುತ್ತೆ" ಎಂದ. ಮುಚ್ಚಿದಳು. ಟ್ರೇಗಳನ್ನು ಪೇರಿಸಿ ತಗಡಿನ ಶೆಡ್ಡಿನಲ್ಲಿಟ್ಟರು. ಒಂಬತ್ತು ದಿನ ಕಳೆದರೂ ಒಂದೂ ತಲೆ ಎತ್ತಲಿಲ್ಲ.

ಯೋಗಾನಂದನ ಹೆಂಡತಿ ಕಲಾವತಿ ಕೂಲಿ ಹೆಂಗಸರೆಲ್ಲ ಕೇಳುವಂತೆ ಶುರು ಮಾಡಿದಳು. "ಬೀಜಕ್ಕೆ ಮುತ್ತೈದೆ ಕೈ ಬೇಕು ಅಂತ ಬಡ್ಕೊಂಡೆ. ಹಣೆ ಬರಿದಾದ್ರೆ ಕೈಯೂ ಬರಿದು ಕಣ್ರೀ."

"ಬೀಜ ಹಣೆ ನೋಡ್ತೈತೇನೇ? ಕಣ್ಣೆಲ್ಲಿಟ್ಕೊಂಡೈತೆ ಅದು?" ಎಂದಳು ದ್ರೌಪದಮ್ಮ.

"ನಾಳೆಯಿಂದ ನಾನ್ ಹಾಕ್ತೀನಿ. ನೀನು ಕಳೆ ಕೀಳು ಹೋಗಕ್ಕ."

ಯೋಗಾನಂದ ಫೋನು ನೋಡುತ್ತ ನಿಂತ. ಆ ಮನೆಯಲ್ಲಿ ದ್ರೌಪದಮ್ಮನದು ಅಂತ ಉಳಿದಿದ್ದದ್ದು ಬೀಜ ಹಾಕುವ ಆ ಕೆಲಸ ಒಂದೇ.

ಮಧ್ಯಾಹ್ನ ಕೈ ತೊಳೆಯಲು ನೀರಿನ ತೊಟ್ಟಿಯ ಹಿಂದೆ ಹೋದವಳು ಅಲ್ಲೇ ಕುಕ್ಕರಿಸಿದಳು. ಪೊಟ್ಟಣ ಬಿಚ್ಚುವಾಗ ಚೆಲ್ಲಿದ ನಾಲ್ಕು ಕಾಳು ಒದ್ದೆ ಗೋಣಿಯ ಮೇಲೆ ಬಿದ್ದಿದ್ದವು. ಮೇಲೆ ಮಣ್ಣಿಲ್ಲ, ಪುಡಿಯಿಲ್ಲ. ತಣ್ಣನೆ ನೆರಳು, ಆದರೆ ದಿನವಿಡೀ ಬೆಳಕು. ನಾಲ್ಕೂ ಎರಡೆಲೆ ಬಿಟ್ಟಿದ್ದವು. ಈ ಬೀಜ ಕತ್ತಲಲ್ಲಿ, ಕಾದ ಶೆಡ್ಡಿನಲ್ಲಿ ಏಳುವುದಲ್ಲ ಅಂತ ಅವಳಿಗೆ ತಿಳಿಯಿತು. ಯಾರಿಗೂ ಹೇಳಲಿಲ್ಲ.

"ಒಂದು ಟ್ರೇ ನಾನು, ಒಂದು ನಿನ್ನ ಹೆಂಡ್ತಿ. ಐದು ದಿನ ನೋಡಾನ" ಎಂದಳು ಮೈದುನನಿಗೆ.

ಕಲಾವತಿ ಟ್ರೇಗೆ ಅರಿಶಿನ ಕುಂಕುಮ ಇಟ್ಟು, ಬೆರಳು ದಪ್ಪ ಮುಚ್ಚಿ, ಶೆಡ್ಡಿಗೆ ಒಯ್ದಳು. ದ್ರೌಪದಮ್ಮ ಬೀಜವನ್ನು ಅಂಗೈಯಿಂದ ಮೆಲ್ಲಗೆ ಒತ್ತಿ, ಮೇಲೆ ಏನೂ ಮುಚ್ಚದೆ, ಯಾರ ಕಣ್ಣಿಗೂ ಬೀಳದಂತೆ ತೊಟ್ಟಿಯ ಹಿಂದಿಟ್ಟು, ಇರುವೆ ಬಾರದಂತೆ ಸುತ್ತ ಬೂದಿ ಸುರಿದು, ಬೆರಳಲ್ಲಿ ನೀರು ಚಿಮುಕಿಸಿದಳು.

ಐದನೆಯ ಬೆಳಗ್ಗೆ ಆರ್.ಟಿ. ನಗರದಲ್ಲಿ ಟೆರೇಸ್ ಮೇಲೆ ಸಸಿ ಬೆಳೆಸಿ ಮಾರುವ ನೂರ್‌ಜಹಾನ್ ಮೆಣಸಿನ ಸಸಿಗೆಂದು ಬಂದಿದ್ದಳು. ಅವಳ ಎದುರೇ ಎರಡೂ ಟ್ರೇ ಹೊರಬಂದವು. ಒಂದು ಅಂಚಿನವರೆಗೂ ಹಸಿರು. ಇನ್ನೊಂದರಲ್ಲಿ ಕುಂಕುಮ ಬಿಟ್ಟರೆ ಬೇರೆ ಬಣ್ಣವಿಲ್ಲ.

"ಸರಿ ಅತ್ತಿಗೆ, ನೀವೇ ಹಾಕಿ" ಎಂದ ಯೋಗಾನಂದ.

"ಹಾಕ್ಲಿ" ಎಂದಳು ಕಲಾವತಿ. "ಗಿರಾಕಿಗಳಿಗೆ ಮಾತ್ರ ನಾನ್ ಹಾಕಿದ್ದು ಅಂತ್ಲೇ ಹೇಳೋದು."

"ಅಯ್ಯೋ, ಗಿರಾಕಿ ಇಲ್ಲೇ ನಿಂತಿದ್ದೀನಲ್ಲಮ್ಮಾ!" ನೂರ್‌ಜಹಾನ್ ನಕ್ಕುಬಿಟ್ಟಳು.

ದ್ರೌಪದಮ್ಮ ನಗಲಿಲ್ಲ. "ನಿನ್ ಟೆರೇಸ್ನಾಗೆ ಕೆಲ್ಸಕ್ಕೆ ಜನ ಬೇಕು ಅಂತಿದ್ದೆಲ್ಲ?"

"ಈಗ್ಲೂ ಬೇಕು."

"ನಡಿ."

ಯೋಗಾನಂದ ಗೇಟಿನವರೆಗೂ ಹಿಂದೆ ಬಂದ. "ಏನ್ ಮಾಡಿದ್ರಿ ಅಂತಾದ್ರೂ ಹೇಳಿ ಹೋಗಿ ಅತ್ತಿಗೆ."

"ಹೇಳಾಕಿಲ್ಲ."

ಆ ಬೇಸಿಗೆಯಲ್ಲಿ ಕಲಾವತಿ ಇನ್ನೂ ಮೂರು ಪೊಟ್ಟಣ ಬೀಜ ಮುಚ್ಚಿ ಕೊಳೆಸಿದಳಂತೆ. ಆ ಸುದ್ದಿ ಕಿವಿಗೆ ಬಿದ್ದಾಗಲೂ ದ್ರೌಪದಮ್ಮ ಬಾಯಿ ಬಿಡಲಿಲ್ಲ.