ಕಿಟಕಿಯಕ್ಕನ ಬಿಳಿ ಬಟ್ಟೆ

ಗಂಡನ ಅಂತ್ಯಸಂಸ್ಕಾರಕ್ಕೆ ಬಂದಿದ್ದ ನೆಂಟರೆಲ್ಲ ಹೊರಟುಹೋದ ಮರುದಿನ, ಬೆಳಕು ಹರಿಯುವ ಮೊದಲೇ ಆಸ್ಪತ್ರೆಗೆ ಬಂದಿದ್ದೇನೆ. ಕೈಚೀಲದಲ್ಲಿ ಒಂದು ಪುಟ್ಟ ದಿಂಬಿದೆ. ಹೊಟ್ಟೆ ಕೊಯ್ದವರು ಕೆಮ್ಮುವಾಗ, ನಗುವಾಗ ಅವುಚಿಕೊಳ್ಳುವ ದಿಂಬು. ಈ ವಾರ್ಡಿನ ಆಯಾ ತಮ್ಮದನ್ನೇ ನನ್ನ ಗಂಡನಿಗೆ ಕೊಟ್ಟಿದ್ದರು. ಇಲ್ಲಿಂದ ದೊಡ್ಡ ಆಸ್ಪತ್ರೆಗೆ ಸಾಗಿಸುವಾಗಲೂ ಅವನು ಅದನ್ನು ಬಿಡಲಿಲ್ಲ. ಕೊಟ್ಟು ಹೋಗೋಣವೆಂದು ಬಂದವಳು ಬಾಗಿಲಲ್ಲೇ ನಿಂತಿದ್ದೇನೆ. ಒಳಗೆ ಆಕೆ ಒಂದೊಂದಾಗಿ ದೀಪ ಆರಿಸುತ್ತಿದ್ದಾರೆ.

“ಮತ್ತೆ ಕತ್ತಲೆ ಮಾಡಿದ್ರಾ ಅಕ್ಕ?” ಮೂಲೆಯ ಹಾಸಿಗೆಯಿಂದ ಗೊಣಗಾಟ.

“ಟ್ಯೂಬ್‌ಲೈಟು ಸುಳ್ಳು ಹೇಳುತ್ತೆ. ತಾಳಿ, ಸೂರ್ಯ ಬರ್ತಾನೆ.”

ಪಿತ್ತಕೋಶ ತೆಗೆಸಿಕೊಂಡ ಕೆಲವರ ಹೊಟ್ಟೆಯಿಂದ ಸಣ್ಣ ಕೊಳವೆ ಇಳಿಬಿಟ್ಟು ಚೀಲ ಕಟ್ಟಿರುತ್ತಾರೆ. ಬರುವ ನೀರು ತಿಳಿಗೆಂಪಾಗಿದ್ದರೆ ಚಿಂತೆಯಿಲ್ಲ. ಆಪರೇಷನ್ನಿನಲ್ಲಿ ಪಿತ್ತನಾಳಕ್ಕೆ ಪೆಟ್ಟಾಗಿದ್ದರೆ ಪಿತ್ತರಸ ಒಳಗೇ ಸೋರುತ್ತದೆ, ನೀರು ಹಸಿರು ಬೆರೆತ ಹಳದಿಗೆ ತಿರುಗುತ್ತದೆ. ಸಣ್ಣ ತೂತಿನ ಆಪರೇಷನ್ನಿರಲಿ, ಹೊಟ್ಟೆ ತೆರೆದು ಮಾಡುವುದಿರಲಿ, ಎರಡರಲ್ಲೂ ಹೀಗಾಗಬಹುದು. ದಿನಕ್ಕೆ ಹತ್ತಾರು ಚೀಲ ಖಾಲಿ ಮಾಡುವುದು ಈಕೆಯ ಕೆಲಸ. ಪ್ರತಿ ಚೀಲದಿಂದಲೂ ಒಂದು ಹನಿಯನ್ನು ಬಿಳಿ ಬಟ್ಟೆಗೆ ಸೋಕಿಸಿ ಕಿಟಕಿಗೆ ಹಿಡಿಯುತ್ತಾರೆ. ವಾರ್ಡಿನವರ ಬಾಯಲ್ಲಿ ಈಕೆ ಕಿಟಕಿಯಕ್ಕ.

ಮೊದಲು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿದ್ದರು. ಅದು ಮುಚ್ಚಿದಾಗ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಇಲ್ಲಿ ನೆಲ ಒರೆಸಲು ಬಂದರು. ರಾತ್ರಿಪಾಳಿಯ ಸಂಬಳದಲ್ಲೇ ಮಗಳು ಓದಿದಳು. ಬಣ್ಣವನ್ನು ಹಗಲಿನಲ್ಲೇ ನೋಡಬೇಕೆಂದು ಕಿಟಕಿಯಕ್ಕ ಒಮ್ಮೆ ಹೇಳಿದ್ದನ್ನು ಡಾಕ್ಟರು ವಾರ್ಡಿನ ಪದ್ಧತಿಯಾಗಿಸಿದರು. ಯಾವ ಬಣ್ಣಕ್ಕೆ ಓಡಬೇಕು ಎಂಬುದನ್ನು ಅವರೇ ಕಲಿಸಿದರು. “ಬಣ್ಣ ನಂದು, ಅರ್ಥ ಡಾಕ್ಟ್ರದ್ದು” ಎನ್ನುತ್ತಾರೆ ಕಿಟಕಿಯಕ್ಕ.

ಬಿಸಿಲು ಬಂತು. ಮೊದಲೆರಡು ಬಟ್ಟೆ ಸರಿಯಿವೆ. ಮೂರನೆಯದು ನಿನ್ನೆ ಆಪರೇಷನ್ ಆದ ಬಸ್ ಕಂಡಕ್ಟರ್ ಹುಡುಗಿಯದು. ಬಟ್ಟೆಯ ಮೇಲೆ ಕೆಂಪು ಹರಡುತ್ತದೆ. ಆಮೇಲೆ ಅದರ ಸುತ್ತ, ತೆಳ್ಳಗೆ, ಹಸಿರು ಬೆರೆತ ಹಳದಿಯ ಬಳೆ ಮೂಡುತ್ತದೆ. ಕಿಟಕಿಯಕ್ಕ ಇನ್ನೊಂದು ಹನಿ ಹಾಕುತ್ತಾರೆ. ಮತ್ತೆ ಅದೇ ಬಳೆ.

ಕಣ್ಣುಮುಚ್ಚಿ ತೆರೆಯುವುದರೊಳಗೆ ವಾರ್ಡ್ ಬೇರೆಯೇ ಆಗಿದೆ. ಸಿಸ್ಟರ್ ಫೋನಿಗೆ ಓಡುತ್ತಾರೆ. ಡಾಕ್ಟರು ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡೇ ಬಂದು, ಬಟ್ಟೆ ನೋಡಿ, “ಈಗಲೇ” ಎನ್ನುತ್ತಾರೆ. ಸ್ಟ್ರೆಚರ್‌ನ ಚಕ್ರ ಕಿರುಗುಟ್ಟುತ್ತ ಉರುಳುತ್ತದೆ.

“ಅಕ್ಕ, ನಡುದಾರಿಲಿ ಇಳಿಸಿಬಿಡ್ತೀರಾ?” ಹುಡುಗಿಯ ತುಟಿ ಒಣಗಿದೆ.

“ಮನೆ ಸ್ಟಾಪಲ್ಲೇ ಇಳಿಸೋದು. ಸುಮ್ನೆ ಸೀಟಲ್ಲಿ ಕೂತ್ಕೋ.”

ಚಿಕಿತ್ಸೆಯ ಕೋಣೆಯ ಹೊರಗೆ, ಹುಡುಗಿಯ ಅಮ್ಮನ ಪಕ್ಕ ಬೆಂಚಿನ ಮೇಲೆ ನಾನೂ ಕೂರುತ್ತೇನೆ. ಬಾಗಿಲು ತೆರೆದಾಗ ಡಾಕ್ಟರ ಮುಖವೆಲ್ಲ ನಗು. ಬಾಯಿಯ ಮೂಲಕ ಕೊಳವೆ ಇಳಿಸಿ, ಸಣ್ಣಗೆ ಸೀಳಿದ್ದ ಪಿತ್ತನಾಳದೊಳಗೆ ಸ್ಟೆಂಟ್ ಎಂಬ ಪುಟ್ಟ ನಳಿಕೆ ಕೂರಿಸಿದ್ದಾರೆ. ಇನ್ನು ತಾನಾಗಿ ಕೂಡಿಕೊಳ್ಳುತ್ತದೆ. “ಇವತ್ತೇ ಸಿಕ್ಕಿದ್ದು ಪುಣ್ಯ. ವಾರ ಕಳೆದಿದ್ರೆ ಕಥೆನೇ ಬೇರೆ” ಎಂದವರ ಕಣ್ಣು ನನ್ನ ಮೇಲೆ ಬೀಳುತ್ತದೆ. ನನ್ನ ಗಂಡನ ಹೊಟ್ಟೆ ತೆರೆದು ಆಪರೇಷನ್ ಮಾಡಿದ್ದು ಬೇರೊಂದು ಕಡೆ. ಇಲ್ಲಿಗೆ ಬರುವಷ್ಟರಲ್ಲಿ ವಾರ ಕಳೆದಿತ್ತು, ನಂಜು ರಕ್ತಕ್ಕೇರಿತ್ತು. “ಹೌದು” ಎನ್ನುತ್ತೇನೆ ಡಾಕ್ಟರಿಗೆ. ಹುಡುಗಿಯ ಅಮ್ಮ ಎರಡು ಕೈಯಲ್ಲಿ ನನ್ನ ಕೈ ಹಿಡಿದು ಅಳುತ್ತ ನಗುತ್ತಿದ್ದಾರೆ.

ಮಧ್ಯಾಹ್ನ ಕಂಡಕ್ಟರ್ ಹುಡುಗಿ ಹಾಸಿಗೆಗೆ ಮರಳಿದ್ದಾಳೆ. ನಾನು ದಿಂಬನ್ನು ಹೊರತೆಗೆದು ಚಾಚುತ್ತೇನೆ.

“ಒಗ್ದಿದ್ದೀರಾ?” ಕಿಟಕಿಯಕ್ಕ ಕೇಳುತ್ತಾರೆ.

“ಇಲ್ಲ.”

ಅವರು ದಿಂಬನ್ನು ತೆಗೆದುಕೊಳ್ಳುತ್ತಾರೆ. ಕವರನ್ನು ಬಿಚ್ಚಿ, ನಾಲ್ಕು ಮಡಿಕೆ ಮಡಚಿ ನನ್ನ ಕೈಚೀಲದೊಳಗೆ ಇಡುತ್ತಾರೆ. ಕಪಾಟಿನಿಂದ ಒಗೆದ ಕವರ್ ತಂದು ದಿಂಬಿಗೆ ತೊಡಿಸಿ, ಹುಡುಗಿಯ ಹೊಟ್ಟೆಯ ಮೇಲೆ ಇಡುತ್ತಾರೆ.

“ಈಗ ಎಷ್ಟು ಬೇಕಾದ್ರೂ ನಗು.”